ಪ್ರವೇಶದ ವಾಕ್ಯ: ಒಂದು ಪದವಿವರಣೆ

ಸಂವಿಧಾನದ 29ನೆಯ ಅನುಚ್ಛೇದದ ಎರಡನೆಯ ಖಂಡವೇ ಇಲ್ಲಿಯ ಮೂಲ. ಅದರ ತಾತ್ಪರ್ಯ ಇದು: ಸರ್ಕಾರ ನಡೆಸುವ ಇಲ್ಲವೆ ಸರ್ಕಾರದ ಹಣ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಧರ್ಮ, ಮೂಲವಂಶ, ಜಾತಿ, ಭಾಷೆಗಳ ಕಾರಣ ಮಾತ್ರದಿಂದ ನಾಗರಿಕನಿಗೆ ಪ್ರವೇಶ ನಿರಾಕರಿಸಲಾಗದು. ಈ ವಾಕ್ಯವನ್ನು ಕಠಿಣವಾಗಿ ಒರೆಗೆ ಹಚ್ಚಿದ ಊರು ಮದ್ರಾಸು. ಅದನ್ನು ಓದಲು ತಕ್ಕ ನೆಲೆ ಆ ಊರಿನ ಟಿ. ನಗರ. ಮಾಂಬಲದ ಕೆರೆಯನ್ನು ಬತ್ತಿಸಿ 1920ರ ದಶಕದಲ್ಲಿ ಕಟ್ಟಿದ ಈ ಬಡಾವಣೆ ಬ್ರಾಹ್ಮಣೇತರರ ಪರ ನಿಂತ ಜಸ್ಟಿಸ್ ಪಕ್ಷದ ಪಿಟ್ಟಿ ತ್ಯಾಗರಾಯ ಚೆಟ್ಟಿಯವರ ಹೆಸರನ್ನು ಹೊತ್ತಿದೆ. ಪಾನಗಲ್ ಪಾರ್ಕು, ನಟೇಶನ್ ಪಾರ್ಕು, ಉಸ್ಮಾನ್ ರಸ್ತೆ, ನಾಯರ್ ರಸ್ತೆಗಳೂ ಅದೇ ಪಕ್ಷದ ಹಿರಿಯರ ಹೆಸರಿನವು.

‘ನಾಗರಿಕ’ ಎಂಬಲ್ಲಿ ಏಕವಚನವನ್ನು ಗಮನಿಸತಕ್ಕದ್ದು. ವಾಕ್ಯವು ಕುಲವನ್ನಾಗಲಿ ಸಮುದಾಯವನ್ನಾಗಲಿ ಕರೆಯುವುದಿಲ್ಲ. ಒಬ್ಬೊಬ್ಬನನ್ನು ಬಿಡಿಯಾಗಿ ಕರೆಯುತ್ತದೆ. ಉದಾರವಾದದ, ಎಂದರೆ ವ್ಯಕ್ತಿಯೇ ಹಕ್ಕಿನ ಆಶ್ರಯವೆನ್ನುವ ಮತದ, ಬೀಜ ಇಲ್ಲಿದೆ. ಜಸ್ಟಿಸ್ ಪಕ್ಷದ ವಿಧ್ಯುಕ್ತ ನಾಮಧೇಯವೂ ‘ಸೌತ್ ಇಂಡಿಯನ್ ಲಿಬರಲ್ ಫೆಡರೇಶನ್’ ಎಂದೇ. ಆದರೆ ಅದೇ ಪಕ್ಷದ ಹಿರಿಯರು 1916ರ ಡಿಸೆಂಬರಿನಲ್ಲಿ ಹೊರಡಿಸಿದ ಬ್ರಾಹ್ಮಣೇತರ ಪ್ರಣಾಳಿಕೆ ಸಮುದಾಯಗಳ ಲೆಕ್ಕವನ್ನು ಮುಂದಿಟ್ಟಿತು. ಪ್ರಾಂತದ ಜನಸಂಖ್ಯೆಯಲ್ಲಿ ಶೇ. 3ರಷ್ಟಿದ್ದ ಬ್ರಾಹ್ಮಣರು 1912ರಲ್ಲಿ ಜಿಲ್ಲಾ ಮುನ್ಸೀಫರ ಹುದ್ದೆಗಳಲ್ಲಿ ಶೇ. 70ಕ್ಕೂ ಮಿಕ್ಕು ಪಡೆದಿದ್ದರು. ವ್ಯಕ್ತಿಯ ಹಕ್ಕನ್ನು ಬೇಡುವವನು ಸಮುದಾಯದ ಹೆಸರಿನಲ್ಲಿ ಏಕೆ ಬೇಡಬೇಕೆಂದರೆ, ಅವನನ್ನು ಹೊರಗಿಟ್ಟದ್ದು ಸಮುದಾಯದ ಹೆಸರಿನಲ್ಲಿಯೇ ಆದ್ದರಿಂದ.

‘ಮೂಲವಂಶ’ವೆಂದರೆ ಹುಟ್ಟಿನಿಂದ, ರಕ್ತದಿಂದ ಬಂದುದೆಂದು ಜನ ಎಣಿಸುವ ಭೇದ. ಕರಿಯರು ಬಿಳಿಯರ ನಾಡಿನ ಮಾತಿದು, ನಮಗೇಕೆ ಎನ್ನಲಾಗದು. ಮದ್ರಾಸಿನಲ್ಲಿ ಈ ಭಾವನೆ ಭಾಷೆಯ ಹಾದಿಯಿಂದ ಬಂತು. 1816ರಲ್ಲಿ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್ ಎಂಬ ಭಾಷಾವಿದ್ವಾಂಸರು ತಮಿಳು, ಕನ್ನಡ, ತೆಲುಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಬೇರೆಯದೇ ಬಳಗದವು ಎಂದು ತೋರಿಸಿದರು. ಭಾಷೆಯ ಈ ಬಳಗವನ್ನು ಜನ ರಕ್ತದ ಬಳಗವೆಂದು ಬಗೆದರು. 1944ರಲ್ಲಿ ಸೇಲಂನಲ್ಲಿ ಲಿಬರಲ್ ಫೆಡರೇಶನ್ ‘ದ್ರಾವಿಡರ್ ಕಳಗಂ’ ಆಯಿತು. ಅದನ್ನು ಮುನ್ನಡೆಸಿದ ಪೆರಿಯಾರರ ಮನೆಮಾತು ಕನ್ನಡ. ವಂಶ, ಭಾಷೆ, ನಾಡು ಎಂಬ ಮೂರು ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲವೆಂಬುದಕ್ಕೆ ಅವರ ಮನೆಯೇ ಸಾಕ್ಷಿ. ಜಾತಿಭೇದವು ವಂಶಭೇದವಲ್ಲವೆಂದು ಅಂಬೇಡ್ಕರರು 1936ರಲ್ಲಿ ವಾದಿಸಿದರು. ಹಾಗಾದರೆ ಮೂಲವಂಶದ ವಿಚಾರ ಜಾತಿಗೆ ಪರಕೀಯವೇ? ಅಲ್ಲ. ತತ್ತ್ವಜ್ಞ ಚಾರ್ಲ್ಸ್ ಮಿಲ್ಸ್ 1997ರ ‘ದಿ ರೇಶಿಯಲ್ ಕಾಂಟ್ರಾಕ್ಟ್’ ಗ್ರಂಥದಲ್ಲಿ ಹೇಳುವಂತೆ, ಎಲ್ಲರೂ ಸಮಾನರೆಂಬ ಉದಾರವಾದದ ಒಪ್ಪಂದವು ನಡೆದುದು ಬಿಳಿಯರ ನಡುವೆ ಮಾತ್ರ. ಹೊರಗುಳಿದವರು ಅದರ ವಿಷಯವಾದರೇ ಹೊರತು ಪಾಲುದಾರರಾಗಲಿಲ್ಲ. ರಕ್ತದ ಕಥೆ ಸುಳ್ಳಾದರೂ ಹೊರಗಿಡುವ ರೀತಿ ಎರಡು ಕಡೆಯೂ ಒಂದೇ.

‘ಭಾಷೆ’ ಎಂಬ ಪದ ತಾರತಮ್ಯವನ್ನು ನಿಷೇಧಿಸುವ 15ನೆಯ ಅನುಚ್ಛೇದದ ಪಟ್ಟಿಯಲ್ಲಿಲ್ಲ, ಇಲ್ಲಿದೆ. ಟಿ. ನಗರದ ಕನ್ನಡಿಗನ ಮಗುವಿಗೂ ಈ ಪದವೇ ರಕ್ಷೆ.

‘ಜಾತಿ’ ಎಂಬುದನ್ನು ಮದ್ರಾಸು ಎರಡು ಬಗೆಯಾಗಿ ಓದಿತು. ಜಸ್ಟಿಸ್ ಪಕ್ಷದ ಪಾನಗಲ್ ರಾಜರ ಸರ್ಕಾರ 1921ರಲ್ಲಿ ಹೊರಡಿಸಿದ ಕಮ್ಯೂನಲ್ ಜಿ.ಓ., ಎಂದರೆ ಸಮುದಾಯವಾರು ಪಾಲಿನ ಸರ್ಕಾರಿ ಆದೇಶ, ಜಾತಿಯನ್ನು ಎಣಿಸಿತು. ಆ ಪರಂಪರೆಯಲ್ಲಿ 1950ರ ವೇಳೆಗೆ ಕಾಲೇಜಿನ ಪ್ರತಿ 14 ಸೀಟುಗಳಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಕ್ರೈಸ್ತರು ಮತ್ತು ಆಂಗ್ಲೋ ಇಂಡಿಯನ್ನರಿಗೆ ಕೂಡಿ 1, ಮುಸಲ್ಮಾನರಿಗೆ 1. ಮುಂದೆ ಎಂ.ಜಿ.ಆರ್. ಸರ್ಕಾರ ಬೀದಿಗಳ ಹೆಸರಿನಿಂದ ಜಾತಿಯನ್ನು ಅಳಿಸಹೊರಟಿತು; ಜಿ.ಎನ್. ಚೆಟ್ಟಿ ರಸ್ತೆ ಫಲಕದ ಮೇಲೆ ಬರಿಯ ಜಿ.ಎನ್. ರಸ್ತೆಯಾಯಿತು, ಜನರ ಬಾಯಲ್ಲಿ ಚೆಟ್ಟಿ ರಸ್ತೆಯಾಗಿಯೇ ಉಳಿಯಿತು. ಎಣಿಸುವುದು, ಅಳಿಸುವುದು ಎರಡೂ ಸಮಾನತೆಯ ಹೆಸರಿನಲ್ಲಿಯೇ ನಡೆದವು. ಅಳಿಸುವುದು ಹೆಸರಿನಷ್ಟಕ್ಕೆ ಸಾಕು. ಸೀಟಿನ ವಿಷಯದಲ್ಲಿ ಎಣಿಸದೆ ಅನ್ಯಾಯ ಕಾಣುವುದಿಲ್ಲ.

ಇನ್ನು ‘ಮಾತ್ರ’. ಇಡೀ ವಾಕ್ಯದ ಭಾರ ಈ ಪದದ ಮೇಲಿದೆ. ಸೀಟುಗಳ ಈ ಹಂಚಿಕೆಯನ್ನು ಪ್ರಶ್ನಿಸಿದ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ 1951ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಹೀಗೆ ಅರ್ಥೈಸಿತು: ಬ್ರಾಹ್ಮಣ ಅಭ್ಯರ್ಥಿಗೆ 14ರಲ್ಲಿ 2 ಸೀಟುಗಳ ಬಾಗಿಲಷ್ಟೇ ತೆರೆದಿದೆ, ಉಳಿದವು ಮುಚ್ಚಿರುವುದಕ್ಕೆ ಅವನ ಜಾತಿಯಲ್ಲದೆ ಬೇರೆ ಕಾರಣವಿಲ್ಲ, ಆದಕಾರಣ ಜಿ.ಓ. ಅಸಿಂಧು. ದುರ್ಬಲರ ವಿದ್ಯೆಯನ್ನು ಪೋಷಿಸಬೇಕೆನ್ನುವ 46ನೆಯ ಅನುಚ್ಛೇದವನ್ನು ಸರ್ಕಾರ ಮುಂದಿಟ್ಟಿತು. ನಿರ್ದೇಶಕ ತತ್ತ್ವವು ಮೂಲಭೂತ ಹಕ್ಕಿಗೆ ಅಧೀನವೆಂದು ಕೋರ್ಟು ಅದನ್ನು ಒಪ್ಪಲಿಲ್ಲ. ಇಲ್ಲೊಂದು ಶಂಕೆ: ಶತಮಾನಗಳಿಂದ ಓದು ನಿಷೇಧವಾಗಿದ್ದವನಿಗೆ ಸೀಟು ಕಾದಿರಿಸಿದರೆ, ಅದು ಜಾತಿಯ ಕಾರಣ ‘ಮಾತ್ರ’ವೇ, ಅಥವಾ ಆ ನಿಷೇಧದ ಕಾರಣವೇ? ಎರಡನೆಯದೇ ಸಾಧು. ಜಾತಿ ಇಲ್ಲಿ ಕಾರಣವಲ್ಲ, ಆದ ಗಾಯ ಎಲ್ಲಿದೆಯೆಂದು ತೋರುವ ಗುರುತು. ಆದರೂ ಕೋರ್ಟನ್ನು ಹಗುರವಾಗಿ ಕಾಣಲಾಗದು. ಬಾಗಿಲಲ್ಲಿ ನಿಂತ ಒಬ್ಬ ವಿದ್ಯಾರ್ಥಿಯ ಕಣ್ಣಿನಿಂದ ಅದು ವಾಕ್ಯವನ್ನು ಓದಿತು, ಮತ್ತು ‘ನಾಗರಿಕ’ ಎಂಬ ಏಕವಚನ ಹಾಗೆ ಓದಲು ಎಡೆ ಕೊಟ್ಟಿತ್ತು.

ಈ ತೀರ್ಪು ಅಂಬೇಡ್ಕರರಿಗೆ ಸಮ್ಮತವಾಗಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಮೊದಲ ತಿದ್ದುಪಡಿಯ ಮೂಲಕ 15ನೆಯ ಅನುಚ್ಛೇದಕ್ಕೆ ನಾಲ್ಕನೆಯ ಖಂಡ ಸೇರಿತು. ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದ ‘ವರ್ಗ’ಗಳಿಗೆ, ಪರಿಶಿಷ್ಟ ಜಾತಿ ಪಂಗಡಗಳಿಗೆ ವಿಶೇಷ ಏರ್ಪಾಡು ಮಾಡಲು ಈ ಅನುಚ್ಛೇದವಾಗಲಿ 29(2) ಆಗಲಿ ಅಡ್ಡಿಯಾಗದೆಂಬುದು ಅದರ ಭಾವ. ಮೂಲವಾಕ್ಯದ ಒಂದಕ್ಷರವನ್ನೂ ತಿದ್ದಲಿಲ್ಲ. ‘ವರ್ಗ’ವೆಂದರೆ ಯಾರೆಂಬ ಪ್ರಶ್ನೆ ಮೈಸೂರಿನಿಂದ ಎದ್ದಿತು: ಶೇ. 68ರಷ್ಟು ಸೀಟು ಕಾದಿರಿಸಿದ್ದ ಮೈಸೂರು ಸರ್ಕಾರದ ಆದೇಶವನ್ನು 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹಿಂದುಳಿದಿರುವಿಕೆಯನ್ನು ಅಳೆಯುವಾಗ ಜಾತಿಯನ್ನು ಪರಿಗಣಿಸಬಹುದು, ಆದರೆ ಜಾತಿಯೊಂದೇ ಅಳತೆಯಾಗಕೂಡದು ಎಂದು ಅದು ವಿಧಿಸಿತು. ಹೀಗೆ 29(2)ರ ‘ಮಾತ್ರ’ವೇ ಅಪವಾದದ ಖಂಡದೊಳಕ್ಕೂ ನಡೆದುಬಂದಿತು.