ರೇಡಾರ್ ಹಚ್ಚಬೇಕೋ ಬೇಡವೋ



ಕಥೆ, ಕವನ, ಹರಟೆಗಳ ಈ ಪುಟದಲ್ಲಿ ಕಂಪ್ಯೂಟರ್ ಆಟದ ವಿಮರ್ಶೆಯೇ ಎಂದು ಹುಬ್ಬೇರಿಸಬೇಡಿ. ಮಸ್ಕತ್ತಿನ ನಮ್ಮ ಬಳಗದ ಮೂವರು ಹಲವು ವಾರಗಳಿಂದ ಗುರುವಾರ ರಾತ್ರಿಗಳನ್ನು 'ಹಾರ್ಪೂನ್' ಎಂಬ ಹಳೆಯ ಆಟಕ್ಕೆ ಒಪ್ಪಿಸಿದ್ದೇವೆ. ಮನೆಯವರ ಬೈಗುಳ ಬೇಕಾದಷ್ಟು ಸಂಪಾದಿಸಿದ್ದಾಗಿದೆ. ಅದಕ್ಕೆ ಸಮಜಾಯಿಷಿಯಾಗಿಯಾದರೂ ನಾಲ್ಕು ಮಾತು ಬರೆಯಬೇಕಲ್ಲ!

ಇದನ್ನು ಕಟ್ಟಿದವರು ಅಮೆರಿಕದ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದ ಲ್ಯಾರಿ ಬಾಂಡ್. ಪಡೆಯ ತರಬೇತಿಗೊಂದು ಆಟವಿತ್ತು, ಆದರೆ ಅದು ರಹಸ್ಯ ದಾಖಲೆ, ಮನೆಗೆ ಒಯ್ಯುವಂತಿರಲಿಲ್ಲ. ಹೊರಗೆ ಸಿಗುವ ಮಾಹಿತಿಯಿಂದಲೇ ಮೇಜಿನ ಮೇಲೆ ಆಡುವಂಥದ್ದೊಂದನ್ನು ಅವರು ಹೆಣೆದರು. ಟಾಮ್ ಕ್ಲಾನ್ಸಿ 1986ರಲ್ಲಿ 'ರೆಡ್ ಸ್ಟಾರ್ಮ್ ರೈಸಿಂಗ್' ಕಾದಂಬರಿ ಬರೆದಾಗ ಬಾಂಡ್ ಜೊತೆಗಿದ್ದರು. ವಿಮಾನವಾಹಕ ಹಡಗಿನ ಮೇಲೆ ಸೋವಿಯತ್ ಬಾಂಬರುಗಳು ಎರಗುವ ಆ ಪುಸ್ತಕದ ಪ್ರಸಿದ್ಧ ಅಧ್ಯಾಯವನ್ನು ಮೊದಲು ಇದೇ ಆಟದಲ್ಲಿ ಆಡಿ ನೋಡಿ, ಆಮೇಲೆ ಬರೆದದ್ದು. ಕಥೆ ಹುಟ್ಟುವ ಹೀಗೊಂದು ದಾರಿಯೂ ಇದೆ ನೋಡಿ. ಕಂಪ್ಯೂಟರಿಗೆ ಬಂದದ್ದು 1989ರಲ್ಲಿ. ಅಲ್ಲಿಂದಾಚೆ 1994ರಲ್ಲಿ ಎರಡನೆಯದು, 2006ರಲ್ಲಿ ಇನ್ನೊಂದು ರೂಪ. ಹಾರ್ಪೂನ್ ಆಡುತ್ತಲೇ ಬೆಳೆದವರು 2013ರಲ್ಲಿ 'ಕಮಾಂಡ್' ಎಂಬ ಬೇರೆಯೇ ಆಟವನ್ನು ಹೊರತಂದರು. ವಂಶಾವಳಿ ಇಷ್ಟು ಸಾಕು.

ಪರದೆಯ ಮೇಲೆ ಏನಿದೆ? ಏನೂ ಇಲ್ಲ. ನೀಲಿ ನಕ್ಷೆ, ಪುಟ್ಟ ಪುಟ್ಟ ಗುರುತುಗಳು, ಆಗಾಗ ಒಂದು ವರದಿ, ಅಷ್ಟೇ. ಧೃತರಾಷ್ಟ್ರ ಕೂತು ಸಂಜಯನಿಂದ ಕುರುಕ್ಷೇತ್ರದ ಸುದ್ದಿ ಕೇಳುವ ಹಾಗೆ ನಾವು ಕೂತಿರುತ್ತೇವೆ. ಒಂದೇ ವ್ಯತ್ಯಾಸವೆಂದರೆ, ನಮ್ಮ ಸಂಜಯನಿಗೆ ದಿವ್ಯದೃಷ್ಟಿಯಿಲ್ಲ. 'ಆ ದಿಕ್ಕಿನಲ್ಲಿ ಏನೋ ಇದೆ' ಎನ್ನುತ್ತಾನೆ. ಎಷ್ಟು ದೂರದಲ್ಲಿ? ಗೊತ್ತಿಲ್ಲ. ಯಾರದು? ಅದೂ ಗೊತ್ತಿಲ್ಲ.

ಆಟದ ಜೀವ ಇರುವುದು ಇಲ್ಲೇ ಎನ್ನುವುದು ನಮ್ಮ ಅಭಿಪ್ರಾಯ. ರೇಡಾರ್ ಹಚ್ಚಿದರೆ ಶತ್ರು ಕಾಣುತ್ತಾನೆ, ಆದರೆ ಆ ಕಿರಣಗಳ ಜಾಡು ಹಿಡಿದು ಅವನಿಗೂ ನಾವು ಕಾಣುತ್ತೇವೆ, ಅದೂ ನಮಗಿಂತ ಮೊದಲೇ. ಆರಿಸಿಟ್ಟರೆ ನಾವು ಸುರಕ್ಷಿತರು, ಮತ್ತು ಕುರುಡರು. ಕತ್ತಲ ಮನೆಯಲ್ಲಿ ಕಳ್ಳನಿದ್ದಾನೆಂದು ಅನುಮಾನ, ಕೈಯಲ್ಲಿ ಟಾರ್ಚ್, ಒತ್ತಬೇಕೋ ಬೇಡವೋ! ಒಮ್ಮೆ ನಲವತ್ತು ನಿಮಿಷ ಮೂವರೂ ಇದನ್ನೇ ಚರ್ಚಿಸಿದೆವು, ಕಾಫಿ ಆರಿಹೋಯಿತು. ಕೊನೆಗೆ ಒತ್ತಿದೆವು. ಮುಂದಿನ ವರದಿಯಲ್ಲಿ ನಮ್ಮತ್ತ ಬರುತ್ತಿದ್ದ ಕ್ಷಿಪಣಿಗಳು ಎಂಟು.

ಹಡಗಿನಿಂದ ಹಡಗಿಗೆ ಕ್ಷಿಪಣಿ ಬಿಡುವ ಈ ಬಗೆಯ ಯುದ್ಧ ಕಾಗದದ ಕಲ್ಪನೆಯಲ್ಲ. 1967ರ ಅಕ್ಟೋಬರಿನಲ್ಲಿ ಈಜಿಪ್ಟಿನ ಪುಟ್ಟ ದೋಣಿಗಳು ಇಸ್ರೇಲಿನ 'ಐಲಾತ್' ಎಂಬ ದೊಡ್ಡ ಹಡಗನ್ನು ಹೀಗೆ ಮುಳುಗಿಸಿದವು. 1971ರ ಡಿಸೆಂಬರ್ 4ರ ರಾತ್ರಿ ನಮ್ಮ ನಿಪಾತ್, ನಿರ್ಘಾತ್, ವೀರ್ ದೋಣಿಗಳು ಕರಾಚಿಯ ಹೊರಗೆ ಮಾಡಿದ್ದೂ ಅದನ್ನೇ. ಅದೇ ಮಾದರಿಯ 'ಚಪಲ್' ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ರಜೆಗೆ ಊರಿಗೆ ಹೋದಾಗ ಮಕ್ಕಳನ್ನು ಹತ್ತಿಸಿದವರು ನಮ್ಮಲ್ಲೇ ಇದ್ದೀರಿ. ಅಷ್ಟು ಸಣ್ಣ ದೋಣಿ ಅಷ್ಟು ದೊಡ್ಡ ಹಡಗನ್ನು ಹೇಗೆ ಹೊಡೆಯಿತು ಎಂಬುದು ಹಾರ್ಪೂನ್ ಆಡಿದ ಮೇಲೆ ನಮಗೆ ಸರಿಯಾಗಿ ಅರ್ಥವಾಯಿತು. ಇದು ಆಟಕ್ಕೆ ಸಲ್ಲಬೇಕಾದ ಗೌರವ.

ಇನ್ನು ತಕರಾರು. ಬಳಕೆಗೆ ತೊಡಕು, ಗುಂಡಿಗಳ ಕಾಡು, ಎದುರಾಳಿ ಕಂಪ್ಯೂಟರ್ ಕೆಲವೊಮ್ಮೆ ಶುದ್ಧ ಪೆದ್ದ. ಇವನ್ನೆಲ್ಲ ಮನ್ನಿಸಬಹುದು. ಮನ್ನಿಸಲಾಗದ್ದು ಬೇರೆ. ಹಿಂದೂ ಮಹಾಸಾಗರ ಮತ್ತು ಪರ್ಷಿಯನ್ ಕೊಲ್ಲಿಗೆಂದೇ ಮೊದಲ ಆಟಕ್ಕೊಂದು ಕಂತು ಬಂದಿತ್ತು. ನಾವು ಆಸೆಯಿಂದ ತೆರೆದದ್ದೇ ಅದನ್ನು, ನಮ್ಮ ಸಮುದ್ರವಲ್ಲವೇ! ಮುಸಂದಮ್‌ನ ಖಸಬ್‌ಗೆ ಹೋದವರಿಗೆಲ್ಲ ಗೊತ್ತು: ಹೊರ್ಮುಜ್ ಜಲಸಂಧಿ ಎಂದರೆ ಟ್ಯಾಂಕರುಗಳ ಸಾಲು, ಮೀನು ಹಿಡಿಯುವ ಧೌಗಳು, ಅಲ್ಲಿಂದಿಲ್ಲಿಗೆ ಓಡುವ ಸ್ಪೀಡ್ ಬೋಟುಗಳು, ತಲೆಯ ಮೇಲೆ ವಿಮಾನಗಳು. ನಾವು ಆಡಿದ ಸನ್ನಿವೇಶಗಳಲ್ಲಿ ಒಂದೂ ಧೌ ಇರಲಿಲ್ಲ. ನೀಲಿ ಪಕ್ಷ, ಕೆಂಪು ಪಕ್ಷ, ಮಿಕ್ಕದ್ದೆಲ್ಲ ಖಾಲಿ ನೀರು.

ಈ ಖಾಲಿತನ ಸಣ್ಣ ತಪ್ಪಲ್ಲ. 1987ರ ಮೇ ತಿಂಗಳಲ್ಲಿ ಇರಾಕಿ ವಿಮಾನವೊಂದರ ಎರಡು ಕ್ಷಿಪಣಿಗಳು ಅಮೆರಿಕದ 'ಸ್ಟಾರ್ಕ್' ಹಡಗಿಗೆ ಬಡಿದು 37 ನಾವಿಕರು ಸತ್ತರು. 1988ರ ಏಪ್ರಿಲ್ 18ರಂದು ಇರಾನಿನ 'ಜೋಶನ್' ಅಮೆರಿಕದ ಹಡಗಿನತ್ತ ಬಿಟ್ಟದ್ದು, ಶಾಹನ ಕಾಲದಲ್ಲಿ ಅಮೆರಿಕವೇ ಮಾರಿದ್ದ ಹಾರ್ಪೂನ್ ಕ್ಷಿಪಣಿಯನ್ನು! ಗುರಿ ತಪ್ಪಿತು, ಜೋಶನ್ ಮುಳುಗಿತು. ಆ ವರ್ಷದ ಜುಲೈ 3ರಂದು 'ವಿನ್ಸೆನ್ಸ್' ಹಡಗಿನವರು ಸಣ್ಣ ದೋಣಿಗಳ ಜೊತೆ ಕಾದಾಡುತ್ತ ಪರದೆಯ ಮೇಲೊಂದು ಗುರುತು ಕಂಡರು. ಯುದ್ಧವಿಮಾನ, ಕೆಳಗಿಳಿದು ಬರುತ್ತಿದೆ ಎಂದುಕೊಂಡರು. ಅದು ಮೇಲೇರುತ್ತಿತ್ತು, ಹಡಗಿನ ಕಂಪ್ಯೂಟರೇ ಹಾಗೆ ದಾಖಲಿಸಿತ್ತು. ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟು ಸುಮಾರು ಏಳು ನಿಮಿಷವಾಗಿದ್ದ ಇರಾನ್ ಏರ್ 655. ಒಳಗಿದ್ದ 290 ಮಂದಿಯೂ ಸತ್ತರು.

ಅವರ ಮುಂದಿದ್ದದ್ದೂ ಗುರುತು, ನಮ್ಮ ಮುಂದಿರುವುದೂ ಗುರುತು. ಗಂಟೆಗಳನ್ನು ನಿಮಿಷಗಳಿಗೆ ಹಿಂಡಿ ಓಡಿಸುವ ಸೌಲಭ್ಯ ನಮಗಿದೆ, ಅವರಿಗಿರಲಿಲ್ಲ. ಅನುಮಾನವನ್ನು ಇಷ್ಟು ಚೆನ್ನಾಗಿ ಕಲಿಸುವ ಆಟ, ಅನುಮಾನಕ್ಕೆ ಬಲಿಯಾಗುವ ಮೂರನೆಯವನನ್ನು ನಕ್ಷೆಯಿಂದ ಅಳಿಸಿದರೆ, ಅದರ ವಾಸ್ತವಿಕತೆ ಅರ್ಧಕ್ಕೇ ನಿಂತಂತೆ. ಈ ವಿಷಯದಲ್ಲಿ 'ಕಮಾಂಡ್' ಮೇಲು. ಅದರಲ್ಲಿ ತಟಸ್ಥ ಹಡಗು, ನಾಗರಿಕ ವಿಮಾನಗಳನ್ನು ಬೇಕಾದಷ್ಟು ತುಂಬಬಹುದು. ತುಂಬುವುದು ಬಿಡುವುದು ಸನ್ನಿವೇಶ ಬರೆದವನ ಮನಸ್ಸಿಗೆ ಬಿಟ್ಟದ್ದು ಎಂಬುದೊಂದೇ ಕೊರತೆ.

ಕಳೆದ ತಿಂಗಳು ಅದರಲ್ಲೇ ಅವಸರಪಟ್ಟು, ಗುರುತು ಸಿಗದ ಹಡಗೊಂದಕ್ಕೆ ಕ್ಷಿಪಣಿ ಬಿಟ್ಟೆವು. ತಟಸ್ಥ ಟ್ಯಾಂಕರ್. ಅಂಕ ಕಳೆದವು. ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಹುಡುಗಿ ತಲೆಯೆತ್ತಿ, "ಅದ್ರಲ್ಲಿ ಎಷ್ಟ್ ಜನ ಇದ್ರು ಅಂಕಲ್?" ಎಂದಳು. ಆ ಹಡಗಿನ ವಿವರದ ಪುಟ ತೆರೆದು ಹುಡುಕಿದೆವು. ಉದ್ದ, ತೂಕ, ವೇಗ ಎಲ್ಲ ಇತ್ತು.

ಮುಂದಿನ ಭೇಟಿಗೆ ಲ್ಯಾಪ್‌ಟಾಪ್ ತರುತ್ತೇವೆ. ಕವಿಗೋಷ್ಠಿ ಮುಗಿದ ಮೇಲೆ ಆಸಕ್ತರು ಉಳಿದುಕೊಳ್ಳಿ. ಕೆಂಪು ಪಕ್ಷದಿಂದಲೂ ಒಮ್ಮೆ ಆಡಿ ನೋಡೋಣ.