ಸವಾಲಿದೆ, ಜವಾಬಿಲ್ಲ

ಇಂಡಿ, ಸಿಂದಗಿ ಕಡೆಯ ಜಾತ್ರೆಗಳಲ್ಲಿ ಕಟ್ಟುವ ಫ್ಲೆಕ್ಸ್‌ಗಳ ಮೇಲೆ ಕೆಲವು ವರ್ಷಗಳಿಂದ ಒಂದು ಮಾತು ಖಾಯಂ ಆಗಿದೆ: ‘ಸರಿಗಮಪ ಖ್ಯಾತಿಯ’. ರಸಮಂಜರಿ ಕಾರ್ಯಕ್ರಮಕ್ಕೆ ಬರುವ ಗಾಯಕರ ಹೆಸರಿನ ಹಿಂದೆ ಈ ಮಾತಿದ್ದರೆ ಜನ ಹೆಚ್ಚು ಸೇರುತ್ತಾರೆ, ಸಂಭಾವನೆಯೂ ಏರುತ್ತದೆ. ಬಸವನ ಬಾಗೇವಾಡಿಯ ಶ್ರಾವಣದ ಜಾತ್ರೆಯಿರಲಿ, ಮುದ್ದೇಬಿಹಾಳದ ಕಡೆಯ ಸಣ್ಣ ಊರಿನ ಕಾರಹುಣ್ಣಿಮೆಯಿರಲಿ, ಯಾರು ಒಳ್ಳೆಯ ಹಾಡುಗಾರ ಎಂಬುದನ್ನು ಬೆಂಗಳೂರಿನ ಸ್ಟುಡಿಯೊ ಮೊದಲೇ ತೀರ್ಮಾನಿಸಿ ಕಳಿಸಿರುತ್ತದೆ. ಇಷ್ಟು ದೂರಕ್ಕೆ ಕೈ ಚಾಚಿರುವ ಟಿ.ವಿ. ಹಾಡಿನ ಸ್ಪರ್ಧೆಯೆಂಬ ಕಲಾಪ್ರಕಾರವನ್ನು ಬರೀ ಮನರಂಜನೆ ಎಂದು ಬಿಟ್ಟುಬಿಡಲು ಆಗದು. ಅದನ್ನು ವಿಮರ್ಶೆಯ ಕಣ್ಣಿನಿಂದ ನೋಡಲೇಬೇಕು. ನೋಡುವುದಕ್ಕೆ ವಿಜಯಪುರ ಜಿಲ್ಲೆಯ ಈ ನಾಲ್ಕು ತಾಲೂಕುಗಳಿಗಿಂತ ಒಳ್ಳೆಯ ಜಾಗವೂ ಸಿಗಲಾರದು, ಯಾಕೆಂದರೆ ಹಾಡಿನ ಸ್ಪರ್ಧೆ ಇಲ್ಲಿಗೆ ಟಿ.ವಿ.ಯಿಂದ ಬಂದದ್ದಲ್ಲ.

ಕೃಷ್ಣಾ–ಭೀಮಾ ನದಿಗಳ ನಡುವಿನ ಈ ಸೀಮೆ ಹರದೇಶಿ–ನಾಗೇಶಿ ಹಾಡಿಕೆಯ ನೆಲ. ಎರಡು ಮೇಳಗಳು ಎದುರುಬದುರಾಗಿ ರಾತ್ರಿಯಿಡೀ ವಾದ ಹೂಡುತ್ತವೆ. ಹರದೇಶಿಯವರದು ಶಿವನ ಪಕ್ಷ, ಅಂದರೆ ಗಂಡಿನ ಪಕ್ಷ. ನಾಗೇಶಿಯವರದು ಶಕ್ತಿಯ ಪಕ್ಷ, ಅಂದರೆ ಹೆಣ್ಣಿನ ಪಕ್ಷ. ಗುಡಿಯ ಮುಂದೆ ಚಪ್ಪರ, ಮುಂದೆ ನಿಂತವರ ಕೈಯಲ್ಲಿ ದಪ್ಪು, ಹಿಂದೆ ತುಂತುಣಿ ಮತ್ತು ತಾಳ. ಮೊದಲು ಸ್ತುತಿ, ಆಮೇಲೆ ಸವಾಲು. ಒಂದು ನುಡಿ ಮುಗಿಯುತ್ತಲೇ ಹಿಮ್ಮೇಳದವರು ‘ಗೀ ಗೀ’ ಎಂದು ದನಿ ಎಳೆಯುತ್ತಾರೆ. ಹೊರಗಿನವರಿಗೆ ಅದು ಬರೀ ಪಲ್ಲವಿಯಂತೆ ಕೇಳುತ್ತದೆ. ಹತ್ತಿರ ಕೂತು ಹಾಡುವವರ ಮುಖ ನೋಡಿದರೆ ಅದರ ಇನ್ನೊಂದು ಉಪಯೋಗ ತಿಳಿಯುತ್ತದೆ. ದನಿ ಎಳೆಯುವ ಆ ಹೊತ್ತಿನಲ್ಲಿ ಮುಂದಿನವರು ಕಣ್ಣು ಸಣ್ಣದು ಮಾಡಿ, ಬೆರಳಿನಿಂದ ದಪ್ಪಿನ ಅಂಚು ತಟ್ಟುತ್ತಾ, ಎದುರಿನವರ ಮಾತಿಗೆ ಪ್ರಾಸ ಹುಡುಕುತ್ತಿರುತ್ತಾರೆ. ಹಿಮ್ಮೇಳ ಒಂದು ಸುತ್ತು ಹೆಚ್ಚಿಗೆ ಎಳೆಯಿತೆಂದರೆ ಜವಾಬು ಇನ್ನೂ ಹೊಂದಿಲ್ಲ ಎಂದು ಹಳೆಯ ಕೇಳುಗರು ಗುರುತಿಸುತ್ತಾರೆ.

ವಾದದ ಬಗೆ ಹೀಗಿರುತ್ತದೆ. ಬಿತ್ತುವವನಿಲ್ಲದೆ ಬೆಳೆ ಎಲ್ಲಿಂದ ಬಂತು ಎಂದು ಹರದೇಶಿ ಕೇಳುತ್ತದೆ. ನೆಲ ಒಪ್ಪಿಕೊಂಡ ಮೇಲಷ್ಟೇ ಬೀಜಕ್ಕೆ ಬೆಲೆ ಬಂತು ಎಂದು ನಾಗೇಶಿ ತಿರುಗಿಸುತ್ತದೆ. ಮೂರು ಲೋಕದ ಒಡೆಯ ಶಿವ ಎಂದರೆ, ಆ ಒಡೆಯನ ತಲೆಯ ಮೇಲೆ ಕೂತವಳು ಯಾರು ಎಂಬ ಪ್ರಶ್ನೆ ಗಂಗೆಯ ಹೆಸರಿನಲ್ಲಿ ಬರುತ್ತದೆ. ಚಪ್ಪರದಲ್ಲಿ ನಗೆ ಏಳುವುದು ಇಲ್ಲಿ. ಆ ನಗೆಯನ್ನು ಹುಟ್ಟಿಸಿದ್ದು ಹಾಡು, ಹುಟ್ಟಿಸಿದವರು ಹಾಡುಗಾರರು, ಅದು ಹುಟ್ಟಿದ್ದು ಒಂದು ವಾದದ ತಿರುವಿನಲ್ಲಿ. ಪೆಟ್ಟು ತಿಂದವರೂ ನಗುತ್ತಾರೆ. ನಕ್ಕು ಸುಮ್ಮನೆ ಕೂರುವಂತಿಲ್ಲ, ಅದಕ್ಕೂ ಮಿಗಿಲಾದದ್ದನ್ನು ಕೂಡಲೇ ಕಟ್ಟಬೇಕು. ಸವಾಲಿಗೆ ಜವಾಬು ಕೊಡುವ ಈ ಹಕ್ಕೇ ಸ್ಪರ್ಧೆಯ ಜೀವ ಎಂದು ನಾನು ನಂಬುತ್ತೇನೆ.

ಈ ಸೀಮೆಯ ಹೆಣ್ಣುಮಕ್ಕಳ ಹಾಡಿಗೂ ಇದೇ ಗುಣ ಇತ್ತು. ಮದುವೆಯಲ್ಲಿ ಹೆಣ್ಣಿನ ಕಡೆಯವರು ಬೀಗರನ್ನು ಛೇಡಿಸಿ ಹಾಡಿದರೆ ಗಂಡಿನ ಕಡೆಯ ಹೆಂಗಸರು ತಿರುಗಿ ಹಾಡದೆ ಊಟಕ್ಕೆ ಏಳುತ್ತಿರಲಿಲ್ಲ. ಗಂಡನ ಹೆಸರು ಹೇಳೆಂದು ಬಾಗಿಲು ಅಡ್ಡಗಟ್ಟಿದಾಗ ಹೊಸ ಮದುವಣಗಿತ್ತಿ ಒಡಪು ಕಟ್ಟಿ ಹೇಳಿಯೇ ಒಳಗೆ ಹೋಗುತ್ತಿದ್ದಳು. ಆಗ ಇಂಡಿ ತಾಲೂಕಿನಲ್ಲಿದ್ದ, ಈಗ ಚಡಚಣ ತಾಲೂಕಿಗೆ ಸೇರಿರುವ ಹಲಸಂಗಿಯ ಗೆಳೆಯರು ಈ ಸಂಪತ್ತಿಗೆ ಕಿವಿಗೊಟ್ಟರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಇವರ ಬಳಗ 1931ರಲ್ಲಿ ‘ಗರತಿಯ ಹಾಡು’, ಆಮೇಲೆ ಲಾವಣಿಗಳ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’ ಸಂಕಲನಗಳನ್ನು ಹೊರತಂದಿತು. ಬೀಸುಕಲ್ಲಿನ ಮುಂದೆ ಕೂತವರ ಮಾತನ್ನು ಅವರು ಕಾವ್ಯವೆಂದು ಓದಿದರು. ಕಂಠ ಇಂಪಾಗಿದೆಯೇ ಎಂಬುದಕ್ಕಿಂತ ಮೊದಲು ಈ ಮಾತು ಹೇಗೆ ಕಟ್ಟಿದೆ ಎಂದು ಕೇಳಿದರು. ಜನಪದ ಹಾಡನ್ನು ತೂಗುವ ಅವರ ಆ ಕ್ರಮ ನನಗೆ ಇವತ್ತಿಗೂ ಸರಿಯೆನಿಸುತ್ತದೆ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ಹೇಳಲು ನಾನು ಹೊರಟಿಲ್ಲ. ಹರದೇಶಿ–ನಾಗೇಶಿಯಲ್ಲಿ ಹೊತ್ತು ಏರಿದಂತೆ ಮಾತು ಜಾರುವುದುಂಟು. ಹೆಣ್ಣಿನ ಮೈಯ ಬಗ್ಗೆ ಕೀಳು ಮಾತು ಬಂದಾಗ ಜನ ಇನ್ನೂ ಜೋರಾಗಿ ನಗುವುದೂ ಉಂಟು. ನಾಗೇಶಿ ಹಾಡುವ ಹೆಂಗಸರಿಗೆ ಊರು ಚಪ್ಪಾಳೆ ಕೊಟ್ಟಷ್ಟು ಸಲೀಸಾಗಿ ಮರ್ಯಾದೆ ಕೊಡಲಿಲ್ಲ. ಆ ಅನ್ಯಾಯ ಮುಚ್ಚಿಟ್ಟು ಕಲೆಯನ್ನು ಹೊಗಳಿದರೆ ಹೊಗಳಿಕೆಗೆ ಬೆಲೆಯಿಲ್ಲ. ಆದರೂ ಬೈಸಿಕೊಂಡವಳ ಕೈಯಲ್ಲಿ ದಪ್ಪು ಇತ್ತು, ಮುಂದಿನ ಸರದಿ ಅವಳದೇ ಆಗಿತ್ತು.

ಈಗ ಟಿ.ವಿ. ವೇದಿಕೆಗೆ ಬರೋಣ. ಮೊದಲು ಸಲ್ಲಬೇಕಾದದ್ದು ಸಲ್ಲಲಿ. ಬ್ರಿಟನ್ನಿನಲ್ಲಿ 2001ರಲ್ಲಿ ‘ಪಾಪ್ ಐಡಲ್’, ಮರುವರ್ಷ ‘ಅಮೆರಿಕನ್ ಐಡಲ್’, 2004ರಲ್ಲಿ ‘ಇಂಡಿಯನ್ ಐಡಲ್’ ಬಂದಾಗ ಅವುಗಳ ಜೊತೆ ಒಂದು ಕ್ರೂರ ಹಾಸ್ಯವೂ ಬಂತು. ಆಯ್ಕೆಯ ಸುತ್ತಿನಲ್ಲಿ ಹಾಡಲು ಬಾರದವರನ್ನು ಹುಡುಕಿ ತೋರಿಸುವುದು, ತೀರ್ಪುಗಾರರು ಅವರನ್ನು ಗೇಲಿ ಮಾಡುವುದು, ಮನೆಮಂದಿ ಕೂತು ನಗುವುದು. ಕನ್ನಡದ ಕಾರ್ಯಕ್ರಮಗಳು ಒಟ್ಟಾರೆ ಆ ದಾರಿ ಹಿಡಿಯಲಿಲ್ಲ. ಅದಕ್ಕೆ ಮುಖ್ಯ ಕಾರಣ ಎಸ್.ಪಿ. ಬಾಲಸುಬ್ರಹ್ಮಣ್ಯಂ ಎನ್ನುವುದು ನನ್ನ ತಿಳಿವಳಿಕೆ. ಈಟಿವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ನೋಡಿದವರಿಗೆ ನೆನಪಿರುತ್ತದೆ: ಮಕ್ಕಳು ಉಚ್ಚಾರ ತಪ್ಪಿದರೆ ಬಾಲಸುಬ್ರಹ್ಮಣ್ಯಂ ಮೆತ್ತಗೆ ತಿದ್ದುತ್ತಿದ್ದರು, ಹಾಡು ಯಾರು ಬರೆದದ್ದು, ಯಾವ ರಾಗದ ಛಾಯೆ, ಧ್ವನಿಮುದ್ರಣದ ದಿನ ಏನಾಯಿತು ಎಂದು ಹೇಳುತ್ತಿದ್ದರು. ಅವರ ತಮಾಷೆಯಿಂದ ಹಾಡು ಇನ್ನಷ್ಟು ತಿಳಿಯುತ್ತಿತ್ತು, ಹಾಡಿದವರು ಕುಗ್ಗುತ್ತಿರಲಿಲ್ಲ. ಝೀ ಕನ್ನಡದ ‘ಸರಿಗಮಪ’ದಲ್ಲಿ ಹಂಸಲೇಖ, ವಿಜಯ್ ಪ್ರಕಾಶ್, ಅರ್ಜುನ್ ಜನ್ಯ, ರಾಜೇಶ್ ಕೃಷ್ಣನ್ ಅವರೂ ಹೊಸಬರ ಮನಸ್ಸು ಮುರಿಯುವ ಜಾತಿಯವರಲ್ಲ. ವಾದ್ಯವೃಂದ ಉತ್ತಮವಾದದ್ದು. ಬಡವರ ಮನೆಯ ಮಕ್ಕಳಿಗೆ ಇಂಥ ಹಿಮ್ಮೇಳ ಬೇರೆಲ್ಲೂ ಸಿಗುತ್ತಿರಲಿಲ್ಲ.

ನನ್ನ ತಕರಾರು ಇರುವುದು ಸ್ಪರ್ಧೆಯ ಸ್ವರೂಪದ ಬಗ್ಗೆ. ಹಾಡು ಸಿನಿಮಾದ್ದು, ಮತ್ತೊಬ್ಬರು ಬರೆದು ಮತ್ತೊಬ್ಬರು ಹಾಡಿ ಪ್ರಸಿದ್ಧವಾದದ್ದು. ಪಲ್ಲವಿ ಮತ್ತು ಒಂದು ಚರಣಕ್ಕೆ ಅದನ್ನು ಕತ್ತರಿಸಲಾಗುತ್ತದೆ. ಮೂಲದ ಹತ್ತಿರ ಎಷ್ಟು ಹೋದರು, ಶ್ರುತಿ ಎಲ್ಲಿ ಜಾರಿತು, ಭಾವ ಬಂತೇ ಎಂಬುದೇ ಅಳತೆ. ಸ್ಪರ್ಧಿಗಳು ಒಬ್ಬರಿಗೊಬ್ಬರು ಏನನ್ನೂ ಹಾಡುವುದಿಲ್ಲ. ಇಬ್ಬರೂ ತೀರ್ಪುಗಾರರ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಬಂದ ಮಾತಿಗೆ ಕೈಮುಗಿಯುತ್ತಾರೆ. ಹೀಗೆ ಹಾಡಿನೊಳಗೆ ನಗೆಗೆ ಜಾಗ ಇಲ್ಲವಾದ್ದರಿಂದ ಅದನ್ನು ಹಾಡುಗಳ ನಡುವೆ ತುಂಬಬೇಕಾಗುತ್ತದೆ. ನಿರೂಪಕಿಯ ಛೇಡಿಕೆ, ತೀರ್ಪುಗಾರರ ಕಾಲೆಳೆಯುವಿಕೆ, ಸ್ಪರ್ಧಿಯ ಮುಗ್ಧ ಉತ್ತರ. ಅಳುವಿಗೂ ಅದೇ ಗತಿ. ಹಾಡು ಮುಗಿದ ಕೂಡಲೇ ಕ್ಯಾಮೆರಾ ತಾಯಿಯ ಸೆರಗಿಗೆ ಹೋಗುತ್ತದೆ, ಹಿಂದೆ ಪಿಟೀಲು. ಹಾಡಿನ ಬಗ್ಗೆ ಏನಾದರೂ ಹೇಳಬೇಕಾದ ಹೊತ್ತು ಬಡತನದ ಕತೆಗೆ ಹೋಗುತ್ತದೆ.

ಹಾವೇರಿ ಜಿಲ್ಲೆಯ ಚಿಲ್ಲೂರು ಬಡ್ನಿಯ ಹನುಮಂತನ ವಿಷಯದಲ್ಲಿ ಇದು ಎದ್ದು ಕಂಡಿತು. ಕುರಿ ಕಾಯುತ್ತಿದ್ದ ಹುಡುಗ ಲುಂಗಿ ಉಟ್ಟು ಬಂದು ಹಾಡಿ ‘ಸರಿಗಮಪ’ದ 15ನೇ ಆವೃತ್ತಿಯಲ್ಲಿ, 2019ರಲ್ಲಿ, ಎರಡನೆಯ ಸ್ಥಾನ ಪಡೆದ. ಕೀರ್ತನ್ ಹೊಳ್ಳ ಗೆದ್ದರು. ಹನುಮಂತನ ಗಂಟಲಲ್ಲಿ ಬಯಲಿನ ಹರವು ಇತ್ತು. ಅದಕ್ಕಿಂತ ಹೆಚ್ಚಾಗಿ ಅವನ ನಾಲಿಗೆಯಲ್ಲಿ ಥಟ್ಟನೆ ಉತ್ತರ ಕೊಡುವ ಗುಣ ಇತ್ತು. ಕಾರ್ಯಕ್ರಮ ಆ ಗುಣವನ್ನು ಕಂಡಿತು, ಪ್ರೀತಿಸಿತು, ಆದರೆ ಹಾಡಿನ ಹೊರಗೇ ಇಟ್ಟಿತು. ನಮ್ಮ ಕಡೆಯ ಹುಡುಗ ‘ಹೌದ್ರಿ, ಹಂಗ ಅಲ್ರಿ’ ಎಂದರೆ ಸಾಕು, ಸ್ಟುಡಿಯೊ ನಗುತ್ತದೆ. ಮುದ್ದೇಬಿಹಾಳದಲ್ಲಿ ಆ ಮಾತಿಗೆ ಯಾರೂ ನಗುವುದಿಲ್ಲ, ಅಲ್ಲಿ ಎಲ್ಲರೂ ಹಾಗೇ ಮಾತಾಡುತ್ತಾರೆ. ಜಾತ್ರೆಯ ಚಪ್ಪರದಲ್ಲಿ ನಗೆ ಗಳಿಸಬೇಕಾದರೆ ಅದೇ ಮಾತಿನಲ್ಲಿ ಏನನ್ನಾದರೂ ಕಟ್ಟಿ ತೋರಿಸಬೇಕು. ಆರು ವರ್ಷಗಳ ಮೇಲೆ, 2025ರ ಜನವರಿಯಲ್ಲಿ, ಅದೇ ಹನುಮಂತ ಬಿಗ್ ಬಾಸ್ ಕನ್ನಡದ 11ನೇ ಆವೃತ್ತಿ ಗೆದ್ದ. ಅಲ್ಲಿನ ಆಟವೇ ಮಾತು–ಎದುರುಮಾತಿನದು. ಜನ ಅವನಲ್ಲಿ ಏನನ್ನು ಮೆಚ್ಚಿದ್ದರು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಾಗಾದರೆ ಸ್ವಂತ ಮಾತು ಕಟ್ಟುವವರು ಈಗ ಎಲ್ಲಿದ್ದಾರೆ? ಯೂಟ್ಯೂಬಿನಲ್ಲಿ, ಟ್ರ್ಯಾಕ್ಟರಿನ ಮೇಲೆ. ಕಬ್ಬಿನ ಹಂಗಾಮಿನಲ್ಲಿ ಇಂಡಿ ರಸ್ತೆಯಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರುಗಳ ಡೆಕ್ಕಿನಲ್ಲಿ ಕೇಳುವುದೆಲ್ಲ ‘ಉತ್ತರ ಕರ್ನಾಟಕ ಜನಪದ’ ಎಂಬ ಹೆಸರಿನ ಡಿಜೆ ಹಾಡು. ರಾಯಬಾಗ ತಾಲೂಕಿನ ಮಾಳು ನಿಪನಾಳ ಅವರ ಡ್ರೈವರ್ ಹಾಡು ಕೋಟಿಗಟ್ಟಲೆ ಸಲ ನೋಡಿಸಿಕೊಂಡಿತು. ಓದಿದವರು ಈ ಹಾಡುಗಳನ್ನು ಮೂಗು ಮುರಿದು ದೂರ ಇಡುತ್ತಾರೆ. ನಾನು ಹಾಗೆ ಮಾಡಲಾರೆ. ಡ್ರೈವರು, ಕಟಾವಿನ ಗ್ಯಾಂಗು, ಫೋನು ಎತ್ತದ ಹುಡುಗಿ, ತೀರದ ಬಡ್ಡಿ, ಇವೆಲ್ಲ ಇಲ್ಲಿನ ಬದುಕಿನಿಂದಲೇ ಬಂದವು. ಪ್ರಾಸ ಚುರುಕಾಗಿದೆ, ನಗಿಸುವ ಕಡೆ ನಿಜಕ್ಕೂ ನಗಿಸುತ್ತವೆ. ಸಿನಿಮಾ ಹಾಡಿನ ನಕಲು ಮಾಡುವ ಸ್ಪರ್ಧಿಗಿಂತ ಇದನ್ನು ಕಟ್ಟಿದ ಹುಡುಗ ಹರದೇಶಿಯ ಅಜ್ಜನಿಗೆ ಹತ್ತಿರದ ಮೊಮ್ಮಗ.

ಆದರೆ ಅವನೆದುರು ನಾಗೇಶಿ ಇಲ್ಲ. ಹುಡುಗಿ ಕೈಕೊಟ್ಟಳು, ರೊಕ್ಕ ನೋಡಿ ಹೋದಳು, ನೌಕರಿಯವನನ್ನು ಮದುವೆಯಾದಳು ಎಂದು ಹಾಡಿನ ಮೇಲೆ ಹಾಡು ಬರುತ್ತದೆ. ಅವಳು ಏನು ಹೇಳುತ್ತಾಳೆ? ಹೆಣ್ಣುದನಿ ಇರುವ ಹಾಡುಗಳಲ್ಲೂ ಅವಳ ಸಾಲು ಬಹುಮಟ್ಟಿಗೆ ಅವನೇ ಬರೆದುಕೊಟ್ಟದ್ದು. ಒಬ್ಬನೇ ವಾದಿಸಿ ತಾನೇ ತೀರ್ಪು ಬರೆದುಕೊಂಡ ಹಾಗೆ. ಎದುರಿನವರು ಮುರಿಯಲಾರದ ವಾದಕ್ಕೆ ಮೊನೆ ಬರುವುದಿಲ್ಲ. ಅದಕ್ಕೇ ನಾಲ್ಕು ಹಾಡು ಕೇಳುವಷ್ಟರಲ್ಲಿ ಐದನೆಯದು ಮೊದಲೇ ಕೇಳಿದಂತೆ ಅನಿಸತೊಡಗುತ್ತದೆ. ಟಿ.ವಿ. ಸ್ಪರ್ಧೆಯಲ್ಲಿ ಕಳೆದುಹೋದದ್ದು ಮಾತು ಕಟ್ಟುವ ಕೆಲಸ, ಡಿಜೆ ಹಾಡಿನಲ್ಲಿ ಕಳೆದುಹೋದದ್ದು ಎದುರಾಳಿ. ಎರಡೂ ಒಂದೇ ಚಪ್ಪರದಲ್ಲಿ ಇದ್ದವು ಎಂಬುದು ನೆನಪಾದಾಗ ನನಗೆ ಸಂಕಟವಾಗುತ್ತದೆ.

ದಾರಿ ಪೂರ್ತಿ ಮುಚ್ಚಿಲ್ಲ. 2024–25ರ ‘ಸರಿಗಮಪ’ದಲ್ಲಿ ಯೂಟ್ಯೂಬ್ ಜನಪದದಿಂದ ಬಂದ ಬಾಳು ಬೆಳಗುಂದಿ ತಾವೇ ಬರೆದ ಸಾಹಿತ್ಯವನ್ನೂ ಹಾಡಿದರು, ತೀರ್ಪುಗಾರರು ಅದನ್ನು ಮೆಚ್ಚಿ ಕೇಳಿದರು. ಅಲ್ಲಿಂದ ಇನ್ನೊಂದು ಹೆಜ್ಜೆ ಮುಂದಿಡಬಹುದು. ಇಡೀ ಆವೃತ್ತಿಯಲ್ಲಿ ಒಂದು ವಾರ ಸಿನಿಮಾ ಹಾಡು ಬೇಡ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ, ವಿಷಯವನ್ನು ಒಂದು ತಾಸು ಮೊದಲು ಕೊಟ್ಟು, ದಪ್ಪು–ತುಂತುಣಿಯಷ್ಟೇ ಇಟ್ಟು, ಸವಾಲಿಗೆ ಜವಾಬು ಹಾಡಿಸಲಿ. ಒಬ್ಬರ ನುಡಿ ಇನ್ನೊಬ್ಬರು ಮುರಿಯಲಿ, ನಡುವೆ ಜಾಹೀರಾತು ಬೇಡ. ವಿಜಯಪುರ ಜಿಲ್ಲೆಯಿಂದ ಹೋಗಿ ಮೊದಲ ಸುತ್ತಿನಲ್ಲೇ ಶ್ರುತಿಯ ಕಾರಣಕ್ಕೆ ಹಿಂದೆ ಬಂದವರಲ್ಲಿ ಎಷ್ಟು ಜನ ಅಂದು ಗೆಲ್ಲುತ್ತಾರೋ ನೋಡುವ ಆಸೆ ನನಗಿದೆ. ಆ ವಾರದ ತೀರ್ಪುಗಾರರ ಸಾಲಿನಲ್ಲಿ ರಾತ್ರಿಯಿಡೀ ನಿಂತು ಹಾಡಿ ಪಳಗಿದ ಒಬ್ಬ ನಾಗೇಶಿ ಹಾಡುಗಾರ್ತಿಗೂ ಕುರ್ಚಿ ಹಾಕಬೇಕು, ಅವರಿಗೆ ಉಳಿದವರಷ್ಟೇ ಸಂಭಾವನೆ ಕೊಡಬೇಕು.