ವಿಲಾಯಿತಿ ವರನ ಮೂಕ ಪ್ರಹಸನ

ವಿದೇಶದಲ್ಲಿ ಬಹುಕಾಲ ಇದ್ದು ಬಂದ ಮಗ, ಪ್ರೀತಿ ಹೇಗಿರಬೇಕು, ಮದುವೆ ಹೇಗಾಗಬೇಕು ಎಂದು ಮನೆಯವರಿಗೆ ಪಾಠ ಹೇಳಲು ಹೊರಡುತ್ತಾನೆ, ಮನೆಮಂದಿ ತಬ್ಬಿಬ್ಬಾಗುತ್ತಾರೆ. 1921ರಲ್ಲಿ ಕಲ್ಕತ್ತೆಯಲ್ಲಿ ತೆರೆಕಂಡ ‘ಬಿಲೆತ್ ಫೆರತ್’ ಎಂಬ ಮೂಕಿಚಿತ್ರದ ಕಥೆ ಇಷ್ಟೇ. ನಿರ್ದೇಶಕ ನಿತೀಶ್ ಲಾಹಿರಿ. ಆದರೆ ಚಿತ್ರದ ಜೀವಾಳ ನಾಯಕನಟ ಧೀರೇಂದ್ರನಾಥ ಗಂಗೂಲಿ. ಶಾಂತಿನಿಕೇತನದಲ್ಲಿ ಕಲಿತು, ಹೈದರಾಬಾದಿನಲ್ಲಿ ಚಿತ್ರಕಲೆ ಹೇಳಿಕೊಟ್ಟ ಮೇಷ್ಟ್ರು.

ಆಗಿನ ತೆರೆಯ ತುಂಬ ಪುರಾಣದ ದಂಪತಿಗಳು. ಹರಿಶ್ಚಂದ್ರ ಹೆಂಡತಿಯನ್ನು ಮಾರಿದರೂ ಪ್ರೇಕ್ಷಕ ಕೈಮುಗಿಯಬೇಕಿತ್ತು. ಮದುವೆಯ ವಿಚಾರದಲ್ಲಿ ಗಂಡಸನ್ನೇ ನಗೆಪಾಟಲು ಮಾಡಿದ್ದು ಈ ಚಿತ್ರದ ಮೊದಲ ಆಕರ್ಷಣೆ.

ಎರಡನೆಯದು, ಮಾತಿನ ನೆರವಿಲ್ಲದ ಹಾಸ್ಯ. 1915ರಲ್ಲಿ ಲಂಡನ್ನಿನಿಂದ ಮರಳಿದ ಕನ್ನಡ ನಾಟಕಕಾರ ಕೈಲಾಸಂ ಇಂಥ ಮನೆಗಳನ್ನೇ ನಾಟಕಕ್ಕೆ ತಂದರು. ಅವರ ನಗೆ ಇಂಗ್ಲಿಷ್ ಬೆರೆತ ಕನ್ನಡದ ಸಂಭಾಷಣೆಯಲ್ಲಿತ್ತು. ಗಂಗೂಲಿಗಿದ್ದದ್ದು ಮುಖವೊಂದೇ. ಅದನ್ನವರು ಮೊದಲೇ ಪಳಗಿಸಿಕೊಂಡಿದ್ದರು: 1915ರ ‘ಭಾವೇರ್ ಅಭಿವ್ಯಕ್ತಿ’ ಎಂಬ ಫೋಟೋ ಪುಸ್ತಕದಲ್ಲಿ ಗಂಡಾಗಿ, ಹೆಣ್ಣಾಗಿ ಹಲವು ವೇಷಗಳಲ್ಲಿ ಕಾಣುವವರು ಅವರೊಬ್ಬರೇ. ಗಂಡಹೆಂಡಿರ ಮುನಿಸಿಗೆ ಅನುವಾದ ಬೇಡ. ಗಂಗೂಲಿ ಮೇಷ್ಟ್ರಾಗಿದ್ದ ಹೈದರಾಬಾದಿನ, ಉರ್ದು, ತೆಲುಗು, ಮರಾಠಿ, ಕನ್ನಡಗಳ ನಿಜಾಮ್ ಸೀಮೆಗೆ ಹೇಳಿ ಮಾಡಿಸಿದ ಕಲೆಯಿದು.

ಕೊರತೆಯೂ ಇದೆ. ತಮಾಷೆಯ ಗುರಿಯೆಲ್ಲ ಹೊರಗಿನಿಂದ ಬಂದವನೇ ಆದಾಗ ಮನೆಯ ಕಟ್ಟುಪಾಡುಗಳು ಸಲೀಸಾಗಿ ಪಾರಾಗುತ್ತವೆ. ಹೊಸತನ್ನು ಕುಟುಕುವಷ್ಟು ಹಳತನ್ನು ಕುಟುಕದ ಪ್ರಹಸನ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಈ ಹಾಸ್ಯದ ಎಲ್ಲೆ ಎಲ್ಲಿದೆ ಎಂಬುದು ಹೈದರಾಬಾದಿನಲ್ಲೇ ಬಯಲಾಯಿತು. ನಿಜಾಮರ ಆಶ್ರಯ ಪಡೆದು ಗಂಗೂಲಿ 1922ರಲ್ಲಿ ಅಲ್ಲಿ ಲೋಟಸ್ ಫಿಲಂ ಕಂಪನಿ ಕಟ್ಟಿದರು, ‘ದಿ ಲೇಡಿ ಟೀಚರ್’, ‘ದಿ ಮ್ಯಾರೇಜ್ ಟಾನಿಕ್’ ಮುಂತಾದ ಚಿತ್ರಗಳನ್ನು ತೆಗೆದರು, ಚಿತ್ರಮಂದಿರವನ್ನೂ ನಡೆಸಿದರು. 1924ರಲ್ಲಿ ಅವರು ಪ್ರದರ್ಶಿಸಿದ್ದು ಬೊಂಬಾಯಿಯವರು ತಯಾರಿಸಿದ ‘ರಜಿಯಾ ಬೇಗಂ’. ಮುಸ್ಲಿಂ ರಾಣಿಗೂ ಹಿಂದೂ ಯುವಕನಿಗೂ ಪ್ರೇಮವೆಂಬ ಕಥೆ ನಿಜಾಮರನ್ನು ಕೆರಳಿಸಿತು. ಗಂಗೂಲಿಗೆ ರಾಜ್ಯ ಬಿಡುವಂತೆ ಆಜ್ಞೆಯಾಯಿತು, ಕಂಪನಿ ಮುಚ್ಚಿತು.

ಮದುವೆಯ ರೀತಿ ರಿವಾಜನ್ನು ಗೇಲಿ ಮಾಡಿದರೆ ದೊರೆಯೂ ನಕ್ಕಾನು. ಯಾರು ಯಾರನ್ನು ಪ್ರೀತಿಸಬಹುದು ಎಂದು ಕೇಳಿದರೆ ಮಾತ್ರ ಗಡೀಪಾರು. ‘ಬಿಲೆತ್ ಫೆರತ್’ ಆ ಎರಡನೆಯ ಪ್ರಶ್ನೆಯ ಹತ್ತಿರ ಸುಳಿಯಲಿಲ್ಲ. ಹಾಗೆಂದು ಅದನ್ನು ಹಗುರವಾಗಿ ಕಾಣಬೇಕಿಲ್ಲ: ಮದುವೆಯೆಂಬುದು ಪೂಜೆಗಷ್ಟೇ ಅಲ್ಲ, ಪರೀಕ್ಷೆಗೂ ಒಡ್ಡಬಹುದಾದ ವಸ್ತು ಎಂಬುದನ್ನು ನಮ್ಮ ಪ್ರೇಕ್ಷಕರಿಗೆ ನಗಿಸುತ್ತಲೇ ರೂಢಿ ಮಾಡಿಸಿದ ಮೊದಲಿಗರಲ್ಲಿ ಗಂಗೂಲಿಯೂ ಒಬ್ಬರು.